ಬಚ್ಚಲ ಹಂಡೆಯ ಕಪ್ಪು, ಗೇಣುದ್ದದ ಎಂಜಿನ್

ಬಚ್ಚಲೊಲೆಯ ಮೇಲಿನ ಹಂಡೆಯನ್ನು ಒಂದು ಸಲ ಹತ್ತಿರದಿಂದ ನೋಡಿ. ತಳದಲ್ಲಿ ಮಸಿ ಮೆತ್ತಗೆ, ದಪ್ಪಗೆ, ಬೆಳಕನ್ನೆಲ್ಲ ನುಂಗಿ ಕೂತಿರುತ್ತದೆ. ಹೊಟ್ಟೆಯ ಹತ್ತಿರ ಅದೇ ಮಸಿ ಕಂದು. ಕಂಠದ ಬಳಿ ಚೊಂಬು ತಾಗಿ ತಾಗಿ ಹೊಳಪು. ನೀರು ಉಕ್ಕಿ ಇಳಿದು ಒಣಗಿದಲ್ಲೆಲ್ಲ ಬೂದುಬಿಳಿ ಕರೆ. ಉಗಿ ಎಂಜಿನ್ನಿನ ಬಾಯ್ಲರ್ ಅಂದರೆ ಅಡ್ಡ ಮಲಗಿಸಿದ ಹಂಡೆಯೇ. ಅದರ ಮಾದರಿ ಮಾಡಿ ಡಬ್ಬಿಯ ಕಪ್ಪು ಬಣ್ಣ ಬಳಿದರೆ ಅದು ಆಟಿಕೆಯಾಗಿಯೇ ಉಳಿಯುತ್ತದೆ. ಹಂಡೆಯ ಮೇಲೆ ಕಾಣುವ ನಾಲ್ಕು ಬಗೆಯ ಕಪ್ಪನ್ನು ತಂದರೆ ಎಂಜಿನ್ ಆಗುತ್ತದೆ.

ಇಲ್ಲಿ ಇಂಗ್ಲೆಂಡಿನಲ್ಲಿ ಇಂಥ ರೈಲು ಎಂಜಿನ್ನಿನ ಮಾದರಿ ಮಾಡುವುದು ಚಳಿಗಾಲದ ಹವ್ಯಾಸ. ಹೊರಗೆ ಸಂಜೆ ನಾಲ್ಕಕ್ಕೇ ಕತ್ತಲಾಗುವ ತಿಂಗಳುಗಳಲ್ಲಿ ಜನ ಮನೆಯ ಹಿಂದಿನ ಶೆಡ್ಡಿನಲ್ಲಿ ಕೂತು ಕೆಲಸ ಮಾಡುತ್ತಾರೆ. ಶನಿವಾರ–ಭಾನುವಾರ ಶಾಲೆಯ, ಚರ್ಚಿನ ಸಭಾಂಗಣಗಳಲ್ಲಿ ಪ್ರದರ್ಶನ ನಡೆಯುತ್ತದೆ. ಅಲ್ಲಿ 0.3 ಮಿ.ಮೀ. ತಂತಿಯಿಂದ ಹಿಡಿದು ಎಂಜಿನ್ನಿನ ಸೀಟಿಯವರೆಗೆ ಎಲ್ಲ ಬಿಡಿ ಸಾಮಾನು ಸಿಗುತ್ತದೆ. ಊರಿನಿಂದ ಬರುವ ಪ್ರಶ್ನೆ ಬೇರೆ: ನಮ್ಮ ಕಡೆಯ ಹವೆಯಲ್ಲಿ ಇದು ಸಾಧ್ಯವೇ? ಸಾಧ್ಯ. ಆದರೆ ಇಲ್ಲಿನ ಪುಸ್ತಕಗಳಲ್ಲಿ ಬರೆದಂತೆ ಮಾಡಿದರೆ ಕಾರವಾರದಲ್ಲಿ ಕೆಡುತ್ತದೆ.

ಕಾರವಾರಕ್ಕೆ ರೈಲು ಬಂದದ್ದೇ 1990ರ ದಶಕದಲ್ಲಿ, ಕೊಂಕಣ ರೈಲ್ವೆಯ ಡೀಸೆಲ್ ಎಂಜಿನ್ನಿನ ಹಿಂದೆ. ಕರಾವಳಿಯ ಆ ದಾರಿಗೆ ಉಗಿಯ ಕಾಲ ಇರಲೇ ಇಲ್ಲ. ಜಿಲ್ಲೆಯಲ್ಲಿ ಉಗಿ ಎಂಜಿನ್ ನೋಡಿದವರು ಕ್ಯಾಸಲ್‌ರಾಕ್ ಕಡೆಯವರು. ಶಿರಸಿ, ಸಿದ್ದಾಪುರದವರಿಗೆ ಮೀಟರ್ ಗೇಜ್, ಅಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರದ ದಾರಿ, ಅಂದರೆ ತಾಳಗುಪ್ಪವಾಗಿತ್ತು. ಮೀಟರ್ ಗೇಜ್ ಎಂಜಿನ್ನಿನ ಮಾದರಿ ಬೇಕೆನ್ನುವವರು ಒಂದು ಲೆಕ್ಕ ತಿಳಿದಿರಬೇಕು. ಜಗತ್ತಿನಲ್ಲಿ ಹೆಚ್ಚು ನಡೆಯುವ ಎಚ್‌ಓ ಅಳತೆ 1:87, ಅಂದರೆ ನಿಜದ 87ರಲ್ಲೊಂದು ಪಾಲು. ಆ ಅಳತೆಯಲ್ಲಿ 1000 ಮಿ.ಮೀ. ಹಳಿ 11.5 ಮಿ.ಮೀ. ಆಗುತ್ತದೆ, ಮಾರುಕಟ್ಟೆಯಲ್ಲಿ ಸಿಗುವುದು 12. ಬ್ರಿಟನ್ನಿನ ಓಓ ಅಳತೆ 1:76.2, ಅಂದರೆ ಒಂದು ಅಡಿಗೆ 4 ಮಿ.ಮೀ. ಅದು ಓಡುವುದು ಮಾತ್ರ ಎಚ್‌ಓದ ಅದೇ 16.5 ಮಿ.ಮೀ. ಹಳಿಯ ಮೇಲೆ. ನಮ್ಮ ಬ್ರಾಡ್ ಗೇಜನ್ನು ಆ ಅಳತೆಗೆ ಸರಿಯಾಗಿ ಇಳಿಸಿದರೆ 22 ಮಿ.ಮೀ. ಬೇಕು. ಮೊದಲ ಎಂಜಿನ್ನಿಗೆ ಈ ತಲೆಬಿಸಿ ಬೇಡ. ಸುಲಭವಾಗಿ ಸಿಗುವ ಬ್ರಿಟಿಷ್ ಸರಕು ಎಂಜಿನ್ನೊಂದರ ಮೇಲೆ ಕೈ ಕುದುರಲಿ.

ಅದಕ್ಕೆ ನಮ್ಮ ಆಯ್ಕೆ 9ಎಫ್. 1954ರಿಂದ 1960ರವರೆಗೆ ಇಂಥ 251 ಎಂಜಿನ್ ಕಟ್ಟಿದರು. ಕೊನೆಯದಾದ ‘ಈವ್ನಿಂಗ್ ಸ್ಟಾರ್’ ಬ್ರಿಟಿಷ್ ರೈಲ್ವೇಸ್ ಕಟ್ಟಿದ ಕೊನೆಯ ಉಗಿ ಎಂಜಿನ್ನೂ ಹೌದು. ಅದಕ್ಕೆ ಹಸಿರು ಬಣ್ಣ, ಉಳಿದವೆಲ್ಲ ಗೆರೆಯಿಲ್ಲದ ಬರಿ ಕಪ್ಪು. ಹತ್ತು ಚಾಲಕ ಚಕ್ರ, ಅವುಗಳ ಮೇಲೆ ಎತ್ತರದಲ್ಲಿ ಕೂತ ಬಾಯ್ಲರ್, ನಡುವೆ ಹಾಯುವ ಬೆಳಕು. ಮಾದರಿಯಲ್ಲಿ ಗೇಣಿಗಿಂತ ತುಸು ಉದ್ದ. ಹಾರ್ನ್‌ಬಿ, ಬ್ಯಾಕ್‌ಮನ್ ಎರಡೂ ಕಂಪನಿಗಳು ಇದನ್ನು ಓಓದಲ್ಲಿ ಮಾಡಿವೆ. ಹಳೆಯದೊಂದು ಕೊಂಡರೂ ಸಾಕು.

ಬಿಚ್ಚುವ ಮೊದಲು ಓಡಿಸಿ ನೋಡಿ. ಎರಡೂ ದಿಕ್ಕಿಗೆ ಹತ್ತು–ಹತ್ತು ನಿಮಿಷ. ಓಡದ ಎಂಜಿನ್ನಿಗೆ ಬಣ್ಣ ಹಚ್ಚಿ ಆಮೇಲೆ ರಿಪೇರಿಗೆ ಕೂತರೆ ಬಣ್ಣವೂ ಹೋಗುತ್ತದೆ. ನಂತರ ಮೈ, ಚಾಸಿ, ಟೆಂಡರ್ (ಕಲ್ಲಿದ್ದಲು, ನೀರು ಹೊರುವ ಹಿಂಬಂಡಿ) ಬೇರೆ ಮಾಡಿ. ಸ್ಕ್ರೂಗಳನ್ನು ಮೊಟ್ಟೆ ಟ್ರೇಯ ಗುಳಿಗಳಲ್ಲಿ ಬಿಚ್ಚಿದ ಕ್ರಮದಲ್ಲೇ ಇಡಿ. ಮುಂದಿನದು ಉದ್ದ, ಹಿಂದಿನದು ಗಿಡ್ಡ ಇರುವುದುಂಟು. ಅದಲುಬದಲಾದರೆ ಉದ್ದದ್ದು ಮೈಯನ್ನು ಒಳಗಿನಿಂದ ತೂತು ಮಾಡುತ್ತದೆ.

ಹಳೆಯ ಮಾದರಿಗಳಲ್ಲಿ ಬಾಯ್ಲರಿನ ಪಕ್ಕದ ಕೈಹಿಡಿ ಸರಳು ಪ್ಲಾಸ್ಟಿಕ್ಕಿನಲ್ಲೇ ಅಚ್ಚಾಗಿರುತ್ತದೆ. ಅದರ ಹಿಂದೆ ನೆರಳು ಬೀಳುವುದಿಲ್ಲ. ಕಪ್ಪು ಮೈಯ ಮೇಲೆ ನೆರಳಿಲ್ಲದ ಸರಳು ಇದ್ದೂ ಇಲ್ಲ. ಅದನ್ನು ಚಪ್ಪಟೆ ಉಳಿಯಂಥ ಬ್ಲೇಡಿನಿಂದ ಕೆತ್ತಿ ತೆಗೆದು, 1000, ಆಮೇಲೆ 1500 ನಂಬರಿನ ವಾಟರ್ ಪೇಪರ್ ನೀರಿನಲ್ಲಿ ಅದ್ದಿ ಉಜ್ಜಿ. ಸರಳಿಗೆ 0.45 ಮಿ.ಮೀ. ಹಿತ್ತಾಳೆ ತಂತಿ. 76ರಿಂದ ಗುಣಿಸಿದರೆ 34 ಮಿ.ಮೀ. ಬರುತ್ತದೆ, ನಿಜವಾದ ಸರಳಿನ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ತೂತಿನ ಜಾಗವನ್ನು ಕೈವಾರದಿಂದ ಅಳೆದು, ಸೂಜಿ ಮೊನೆಯಿಂದ ಚುಚ್ಚಿ ಗುಳಿ ಮಾಡಿಕೊಂಡೇ ಡ್ರಿಲ್ ಇಡಬೇಕು. ಗುಳಿಯಿಲ್ಲದೆ ದುಂಡು ಮೈಯ ಮೇಲೆ ಡ್ರಿಲ್ ಜಾರುತ್ತದೆ. 0.5 ಮಿ.ಮೀ. ಡ್ರಿಲ್ಲನ್ನು ಬೆರಳಲ್ಲಿ ತಿರುಗಿಸುವ ಹಿಡಿಕೆಗೇ ಹಾಕಿ, ಮೋಟಾರಿಗೆ ಬೇಡ. ಅದು ಮುರಿಯುವುದು ಒತ್ತಡಕ್ಕಲ್ಲ, ಪಕ್ಕಕ್ಕೆ ವಾಲಿದ್ದಕ್ಕೆ. ಸರಳು ಹೊತ್ತು ನಿಲ್ಲುವ ಗುಬ್ಬಿಗಳನ್ನೆಲ್ಲ ಮೊದಲೇ ತಂತಿಗೆ ಪೋಣಿಸಿಕೊಳ್ಳಿ. ನಂತರ ಒಂದೊಂದನ್ನೇ ತೂತಿಗೆ ಕೂರಿಸಿ, ಕಣ್ಣಮಟ್ಟಕ್ಕೆ ಹಿಡಿದು ನೇರ ನೋಡಿ, ಅಂಟನ್ನು ಒಳಗಿನಿಂದ ಕೊಡಿ.

ಸೂಪರ್ ಗ್ಲೂ ಒಣಗುವಾಗ ಬರುವ ಆವಿ ಸುತ್ತಲಿನ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಮಂಜಿನಂತೆ ಕೂರುತ್ತದೆ. ಕಪ್ಪಿನ ಮೇಲೆ ಬಣ್ಣ ಬಳಿದು ಮುಚ್ಚಬಹುದು, ಕ್ಯಾಬಿನ ಕಿಟಕಿಯ ಮೇಲೆ ಆಗದು. ಆದ್ದರಿಂದ ಕಿಟಕಿ ಎಲ್ಲಕ್ಕಿಂತ ಕೊನೆಗೆ, ಅದಕ್ಕೆ ಬಿಳಿ ಮರದಂಟು ಸಾಕು.

ಹಿತ್ತಾಳೆ ಭಾಗ ಬೆಸೆಯುವುದಿದ್ದರೆ ಅಕ್ಕಸಾಲಿಗರ ಬಳಿ ನಾಲ್ಕು ದಿನ ಕೂತು ನೋಡಿ. ಕಾರವಾರ, ಶಿರಸಿಯ ಪೇಟೆಯಲ್ಲಿ ಅವರು ಬಳಸುವ ಚಿಮಟ, ಸಣ್ಣ ಅರ, ಗರಗಸದೆಳೆಗಳೇ ಈ ಕೆಲಸಕ್ಕೂ ಬೇಕಾದವು, ಪರದೇಶದಿಂದ ತರಿಸಬೇಕಿಲ್ಲ. ಬೆಸುಗೆ ಮಾತ್ರ ಬೇರೆ. ಸಣ್ಣ ಬಿಡಿಭಾಗಕ್ಕೆ 145 ಡಿಗ್ರಿಗೆ ಕರಗುವ ಬೆಸುಗೆ, ಬಿಳಿಲೋಹದ ಎರಕಕ್ಕೆ 70 ಡಿಗ್ರಿಯದು. ಬಿಸಿ ಜಾಸ್ತಿಯಾದರೆ ಬಿಳಿಲೋಹದ ಭಾಗವೇ ಕರಗಿ ಇಳಿಯುತ್ತದೆ. ಬೆಸುಗೆ ಹಿಡಿಯಲೆಂದು ಹಚ್ಚುವ ಆಮ್ಲದ ಫ್ಲಕ್ಸ್ ಬಳಸಿದ ದಿನವೇ ಸೋಡಾ ನೀರಲ್ಲಿ ತೊಳೆಯಿರಿ. ಉಪ್ಪುಗಾಳಿಯ ಊರಲ್ಲಿ ಒಂದು ರಾತ್ರಿ ಬಿಟ್ಟರೆ ಬೆಳಿಗ್ಗೆಗೆ ಹಸಿರು ಕಿಲುಬು ಬಂದಿರುತ್ತದೆ, ಅದರ ಮೇಲೆ ಹಚ್ಚಿದ ಬಣ್ಣ ಆರು ತಿಂಗಳಲ್ಲಿ ಏಳುತ್ತದೆ.

ಇನ್ನು ಬಣ್ಣ. ಪದರ 0.1 ಮಿ.ಮೀ. ದಪ್ಪ ಬಿದ್ದರೆ, ನಿಜ ಎಂಜಿನ್ನಿನ ಲೆಕ್ಕದಲ್ಲಿ ಅದು 7.6 ಮಿ.ಮೀ. ರಿವೆಟ್ಟಿನ ತಲೆಗಳು ಅಷ್ಟರಲ್ಲೇ ಮುಳುಗುತ್ತವೆ. ಕುಂಚದಿಂದ ಇಡೀ ಮೈ ಬಳಿಯಬೇಡಿ ಅನ್ನುವುದು ಇದಕ್ಕೇ. ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ, 0.3 ಮಿ.ಮೀ. ಮೂತಿಯ ಏರ್‌ಬ್ರಷ್, 15ರಿಂದ 18 ಪಿಎಸ್‌ಐ ಒತ್ತಡ, 10–15 ಸೆಂ.ಮೀ. ದೂರ. ಟಾಮಿಯಾ ಕಂಪನಿಯ ಅಕ್ರಿಲಿಕ್ ಆದರೆ ಬಣ್ಣದಷ್ಟೇ ಥಿನ್ನರ್; ಬಟ್ಟಲಿನ ಅಂಚಿಗೆ ತಾಗಿಸಿದರೆ ಹಾಲಿನಂತೆ ತೆಳ್ಳಗೆ ಪದರ ಬಿಟ್ಟು ಇಳಿಯಬೇಕು. ದೂರ ಹೆಚ್ಚಾದರೆ ಬಣ್ಣ ಗಾಳಿಯಲ್ಲೇ ಒಣಗಿ ಮೈ ಮರಳುಮರಳಾಗುತ್ತದೆ, ಹತ್ತಿರವಾದರೆ ಸೋರುತ್ತದೆ. ಮೊದಲು ಪಾತ್ರೆ ಸೋಪಿನಲ್ಲಿ ತೊಳೆದು ಒಣಗಿಸಿ, ಅಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟಬೇಡಿ. ಬೂದು ಪ್ರೈಮರ್ ಎರಡು ತೆಳು ಪದರ. ಬರಿ ಹಿತ್ತಾಳೆಯ ಮೇಲಾದರೆ ಲೋಹವನ್ನು ತುಸು ಕೊರೆದು ಹಿಡಿಯುವ ಎಚ್ (etch) ಪ್ರೈಮರ್ ಬೇಕೇ ಬೇಕು. ಮೂಗು–ಬಾಯಿಗೆ ಆವಿ ತಡೆಯುವ ಮಾಸ್ಕ್ ಹಾಕಿ, ಕಿಟಕಿ ತೆರೆದಿರಲಿ.

ಕಪ್ಪು ಮಾತ್ರ ಡಬ್ಬಿಯಿಂದ ನೇರ ಬೇಡ. ದೊಡ್ಡ ವಸ್ತುವಿನ ಮೇಲೆ ಆಕಾಶದ ಬೆಳಕು ಬಿದ್ದು ಅದರ ಕಪ್ಪು ತಿಳಿಯಾಗಿ ಕಾಣುತ್ತದೆ. ಗೇಣುದ್ದದ ವಸ್ತುವಿಗೆ ಆ ತಿಳಿಯನ್ನು ನಾವೇ ಬೆರೆಸಿ ಕೊಡಬೇಕು. ಬಾಯ್ಲರ್ ಮತ್ತು ಟೆಂಡರಿಗೆ ಟಾಮಿಯಾದ ನೇಟೋ ಬ್ಲ್ಯಾಕ್, ಬೂದು ಬೆರೆತಂಥ ತಿಳಿಗಪ್ಪು ಅದು. ಮುಂದಿನ ಸ್ಮೋಕ್‌ಬಾಕ್ಸಿಗೆ, ಅಂದರೆ ಚಿಮಣಿಯಡಿಯ ಹೊಗೆಗೂಡಿಗೆ, ಅದೇ ಬಣ್ಣ ಐದು ಪಾಲಿಗೆ ಒಂದು ಪಾಲು ಬೂದು. ಅಲ್ಲಿ ಬಿಸಿಗೆ ಬಣ್ಣ ಸುಟ್ಟಿರುತ್ತದೆ. ಚೌಕಟ್ಟಿಗೆ ತುಸು ಕಂದು. ಕ್ಯಾಬಿನ ಪಕ್ಕಕ್ಕೆ ಹಂಬ್ರೋಲ್ ಕಂಪನಿಯ 85ನೇ ನಂಬರಿನಂಥ ಅರೆಹೊಳಪಿನ ಕಪ್ಪು, ಜನ ಒರೆಸುವ ಜಾಗ ಅದು. ಪಕ್ಕಪಕ್ಕದಲ್ಲಿಟ್ಟರೆ ವ್ಯತ್ಯಾಸ ಕಂಡೂ ಕಾಣದಷ್ಟಿರಬೇಕು.

ನಮ್ಮ ಕಡೆ ಎಡವುವುದು ಇಲ್ಲೇ. ಸಿಂಪಡಿಸಿದ ಥಿನ್ನರ್ ಆವಿಯಾಗುವಾಗ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಗಾಳಿಯ ತೇವ ಹಸಿ ಬಣ್ಣದ ಮೇಲೆ ಇಬ್ಬನಿಯಾಗಿ ಕೂತು ಒಳಗೇ ಸಿಕ್ಕಿಬೀಳುತ್ತದೆ. ಬಣ್ಣ ಬೂಷ್ಟು ಹಿಡಿದಂತೆ ಬೆಳ್ಳಗಾಗುತ್ತದೆ. ಕಪ್ಪಿನ ಮೇಲೆ, ಅದರಲ್ಲೂ ಹೊಳಪಿಲ್ಲದ ವಾರ್ನಿಶ್‌ನಲ್ಲಿ, ಇದು ಎದ್ದು ಕಾಣುತ್ತದೆ. ಒಂದು ತೇವಮಾಪಕ ಕೊಂಡಿಟ್ಟುಕೊಳ್ಳಿ. 70 ಶೇಕಡಾ ದಾಟಿದರೆ ಏರ್‌ಬ್ರಷ್ ಮುಟ್ಟಬೇಡಿ. ಜೂನ್‌ನಿಂದ ಸೆಪ್ಟೆಂಬರ್ ಕೊರೆಯುವುದಕ್ಕೆ, ಬೆಸೆಯುವುದಕ್ಕೆ ಇರಲಿ. ಬಣ್ಣಕ್ಕೆ ಡಿಸೆಂಬರ್‌ನಿಂದ ಫೆಬ್ರವರಿ, ಅದೂ ಬೆಳಿಗ್ಗೆ ಹನ್ನೊಂದರಿಂದ ಮೂರರೊಳಗೆ. ಶಿರಸಿ ಕಡೆ ಮಂಜು ಹರಿಯುವವರೆಗೆ ಕಾಯಿರಿ. ಕಂಪ್ರೆಸರ್ ಕೊಳವೆಗೆ ನೀರು ಹಿಡಿಯುವ ಬಟ್ಟಲು ಕಡ್ಡಾಯ, ಅರ್ಧ ಗಂಟೆಗೊಮ್ಮೆ ಖಾಲಿ ಮಾಡಿ. ಒಣಗಿಸಲು ರಟ್ಟಿನ ಪೆಟ್ಟಿಗೆಯೊಳಗೆ 40 ವಾಟಿನ ಹಳೇ ಬಗೆಯ ಬಲ್ಬ್, ರಟ್ಟಿಗೂ ಮಾದರಿಗೂ ತಾಗದಂತೆ. ಒಳಗೆ 40 ಡಿಗ್ರಿ ಮೀರದಿರಲಿ, ಮೀರಿದರೆ ಪ್ಲಾಸ್ಟಿಕ್ ಸೊಟ್ಟಗಾಗುವ ಭಯ. ಇಲ್ಲಿ ಇಂಗ್ಲೆಂಡಿನಲ್ಲಿ ಕಷ್ಟ ಉಲ್ಟಾ: ಚಳಿಗೆ ಬಣ್ಣ ಹರಿಯದು, ಡಬ್ಬಿಯನ್ನು ಬಿಸಿನೀರಲ್ಲಿ ನಿಲ್ಲಿಸಿ ಬಳಸುತ್ತಾರೆ.

ಚಕ್ರಗಳಿಗೆ ಬಣ್ಣ ಹೊಡೆಯುವಾಗ ಹಳಿ ತಾಗುವ ಅಂಚಿಗೂ, ಹಿಂಬದಿಯಲ್ಲಿ ವಿದ್ಯುತ್ ಹೀರುವ ತಗಡಿಗೂ ಬೀಳಬಾರದು. ಮೋಟಾರು ಸ್ಕ್ರೂವಿನಂಥ ವರ್ಮ್ ಗಿಯರಿನಿಂದ ತಿರುಗಿಸುವುದರಿಂದ ಚಕ್ರ ಕೈಯಲ್ಲಿ ತಿರುಗದು, ಬಲ ಹಾಕಿದರೆ ಗಿಯರಿನ ಹಲ್ಲು ಹೋಗುತ್ತದೆ. 9 ವೋಲ್ಟ್ ಬ್ಯಾಟರಿಯನ್ನು ಕ್ಷಣಮಾತ್ರ ತಾಗಿಸಿ ಕಾಲು ಸುತ್ತು ತಿರುಗಿಸಿ, ಮತ್ತೆ ಹೊಡೆಯಿರಿ. ಮೋಟಾರಿನ ಒಳಗೆ ಕಿಡಿ ಹಾರುತ್ತದೆ. ಥಿನ್ನರಿನ ಆವಿ ಹೋಗುವವರೆಗೆ ಬ್ಯಾಟರಿ ದೂರವಿರಲಿ.

ನಂಬರಿನ ಟ್ರಾನ್ಸ್‌ಫರ್ (ತೆಳು ಅಂಟುಚಿತ್ರ) ಅಂಟಿಸುವ ಜಾಗಕ್ಕೆ ಮೊದಲು ಹೊಳಪಿನ ವಾರ್ನಿಶ್ ಕೊಡಿ. ಒರಟು ಮೈಯ ಮೇಲೆ ಅಂಟಿಸಿದರೆ ಅಡಿಯಲ್ಲಿ ಗಾಳಿ ಉಳಿದು ಸುತ್ತಲೂ ಬೆಳ್ಳಿಯಂತೆ ಹೊಳೆಯುತ್ತದೆ. ಹೊಳಪಿಲ್ಲದ ವಾರ್ನಿಶ್ ಕೊನೆಗೆ, ತಳದಲ್ಲಿ ಕೂತ ಪುಡಿ ಪೂರ್ತಿ ಏಳುವವರೆಗೆ ಕಲಕಿದ ಮೇಲೆ.

ಈಗ ಹಂಡೆಗೆ ಮರಳೋಣ, ಅದರ ಮಸಿ, ಕರೆಗಳನ್ನು ಎಂಜಿನ್ನಿಗೆ ತರುವ ಹಂತ ಇದು. ಕೆಳಗಿನಿಂದ ಮೇಲಕ್ಕೆ ಓರೆಯಾಗಿ, ತೀರ ತೆಳ್ಳಗಿನ ಕಂದುಬೂದು: ಅದು ಬ್ರೇಕಿನ ಧೂಳು. ಮೇಲಿನಿಂದ ನೇರ ಕೆಳಕ್ಕೆ, ಚಿಮಣಿಯಿಂದ ಹಿಂದಕ್ಕೆ, ಮಸಿಗಪ್ಪು. ನಡುಭಾಗವನ್ನು ಮುಟ್ಟಬೇಡಿ. ಸೇಫ್ಟಿ ವಾಲ್ವಿನ ಕೆಳಗೆ, ಬಾಯ್ಲರ್ ತೊಳೆಯುವ ಬಿರಡೆಗಳ ಕೆಳಗೆ ಸುಣ್ಣದ ಕರೆ. ಬಿಳಿಗೆ ಚೂರು ಹಳದಿಗಂದು ಬೆರೆಸಿ, ಹತ್ತು ಪಾಲು ಥಿನ್ನರ್ ಹಾಕಿ, ಸಣ್ಣ ಕುಂಚದಿಂದ ಮೇಲಿನಿಂದ ಕೆಳಕ್ಕೆ ಒಂದೇ ಎಳೆತ. ಅರ್ಧ ನಿಮಿಷ ಬಿಟ್ಟು ಒದ್ದೆ ಕುಂಚದಿಂದ ತುದಿಯನ್ನು ಮಾತ್ರ ಒರೆಸಿ. ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ಕೂಡುಸರಳುಗಳ ಕೀಲಿಗೆ ಅರೆಹೊಳಪಿನ ವಾರ್ನಿಶ್ ಜೊತೆ ಕಡುಗಂದು, ಎಣ್ಣೆ ಜಿನುಗಿದಂತೆ. ಹೆಚ್ಚಿನವರು ಕೆಡಿಸುವುದು ಈ ಹಂತದಲ್ಲಿ, ಇನ್ನೂ ಸ್ವಲ್ಪ ಇರಲಿ ಅನ್ನುತ್ತ. ಎಂಜಿನ್ನಿನ ಫೋಟೊ ಎದುರಿಗಿಟ್ಟುಕೊಂಡು, ಅದರಲ್ಲಿ ಕಂಡಷ್ಟೇ ಹಚ್ಚಿ.

ಟೆಂಡರಿಗೆ ನಿಜವಾದ ಕಲ್ಲಿದ್ದಲೇ ಬೇಕು; ಇದ್ದಿಲಿಗೆ ಒಡೆದ ಮುಖದಲ್ಲಿ ಆ ಹೊಳಪಿಲ್ಲ. ಬಟ್ಟೆಯಲ್ಲಿ ಸುತ್ತಿ ಕುಟ್ಟಿ, ಚಹಾ ಜರಡಿಯಲ್ಲಿ ಪುಡಿ ತೆಗೆಯಿರಿ. ದೊಡ್ಡ ತುಂಡು 2.5 ಮಿ.ಮೀ. ಮೀರದಿರಲಿ, ನಿಜದಲ್ಲಿ ಅದು ತೆಂಗಿನಕಾಯಿಯಷ್ಟು ದೊಡ್ಡದು. ಮರದಂಟಿಗೆ ಸಮಪಾಲು ನೀರು, ಒಂದು ಹನಿ ಪಾತ್ರೆ ಸೋಪು ಬೆರೆಸಿ ಮೇಲಿನಿಂದ ಹನಿಸಿದರೆ ತಾನೇ ಒಳಗಿಳಿಯುತ್ತದೆ.

ಇಲ್ಲಿಂದ ಬರುವವರ ಹತ್ತಿರ ಎನಾಮಲ್ ಬಣ್ಣ, ಥಿನ್ನರ್, ಸ್ಪ್ರೇ ಡಬ್ಬಿ ತರಹೇಳಬೇಡಿ. ಬೆಂಕಿ ಹಿಡಿಯುವ ಸಾಮಾನು, ವಿಮಾನದಲ್ಲಿ ಒಯ್ಯುವಂತಿಲ್ಲ. ಟ್ರಾನ್ಸ್‌ಫರ್ ಹಾಳೆ, ಲೋಹದ ನಂಬರ್ ಫಲಕ, ಸರಳಿನ ಗುಬ್ಬಿ, ಸಣ್ಣ ಡ್ರಿಲ್ಲುಗಳನ್ನು ತರಿಸಿಕೊಳ್ಳಿ, ಎಲ್ಲ ಸೇರಿ ಒಂದು ಲಕೋಟೆಯಷ್ಟಾಗುತ್ತದೆ. ಮಾದರಿ ಪೂರ್ತಿಯಾದ ಮೇಲೆ ಚಕ್ರದ ಅಚ್ಚುಗಳಿಗೆ ಸೂಜಿ ತುದಿಯಲ್ಲಿ ನಿಲ್ಲುವಷ್ಟೇ ತೆಳು ಎಣ್ಣೆ ಕೊಟ್ಟು, ಗಾಳಿ ಹೋಗದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆದು, ಹಳಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಐದು ನಿಮಿಷ ಓಡಿಸಿ.