ಸೊಂಟದ ನೂಲಿನ ಪಿನ್ನು

ಉಳ್ಳಾಲದ ಕಡೆಯಿಂದ ಮಂಗಳೂರಿಗೆ ಎಂ.ಆರ್.ಐ.ಗೆ ಬಂದಿದ್ದ ಹೆಂಗಸಿಗೆ 40ರ ಆಸುಪಾಸು. ಕಿಬ್ಬೊಟ್ಟೆಯ ಬಲಗಡೆ, ಅಂಡಾಶಯದಲ್ಲಿ 6 ಸೆಂ.ಮೀ. ಗಡ್ಡೆ ಎಂದು ಸ್ಕ್ಯಾನಿಂಗ್ ರಿಪೋರ್ಟು ಹೇಳಿತ್ತು. ಒಳಗೆ ತುಂಬಿದ್ದು ಏನು ಎಂಬುದು ಮಾತ್ರ ತಿಳಿದಿರಲಿಲ್ಲ.

ಬೆಳಗ್ಗಿನ ಗಂಜಿ ಬಿಟ್ಟು 4 ಗಂಟೆ ಖಾಲಿ ಹೊಟ್ಟೆಯಲ್ಲಿದ್ದರು. ಕರುಳು ಅಲುಗಾಡಿ ಚಿತ್ರ ಕೆಡದಿರಲೆಂದು ಬಸ್ಕೊಪಾನ್ 20 ಮಿ.ಗ್ರಾಂ. ಚುಚ್ಚಿದ್ದಾಯಿತು. 

ಟಿ1 ಎಂಬ ಬಗೆಯ ಎಂ.ಆರ್.ಐ. ಚಿತ್ರದಲ್ಲಿ ಗಡ್ಡೆ ಬೆಳ್ಳಗೆ ಕಂಡಿತು. ಅಲ್ಲಿ ಕೊಬ್ಬೂ ಬಿಳಿ, ಹಳೆಯ ರಕ್ತವೂ ಬಿಳಿ. ಕೊಬ್ಬಾದರೆ ಡರ್ಮಾಯ್ಡ್ (ಕೊಬ್ಬು, ಕೂದಲು ತುಂಬುವ ಗಡ್ಡೆ), ರಕ್ತವಾದರೆ ಚಾಕೊಲೇಟ್ ಸಿಸ್ಟ್ (ಹಳೆಯ ರಕ್ತ ತುಂಬಿದ ಗಡ್ಡೆ). ಎರಡರ ಚಿಕಿತ್ಸೆಯೂ ಬೇರೆ. ಇದನ್ನು ಬಿಡಿಸುವುದು ಫ್ಯಾಟ್ ಸ್ಯಾಚುರೇಶನ್, ಅಂದರೆ ಕೊಬ್ಬಿನ ಸಂಕೇತವನ್ನು ಅಳಿಸಿ ತೆಗೆಯುವ ಚಿತ್ರ. 1.5 ಟೆಸ್ಲಾ ಶಕ್ತಿಯ ಕಾಂತದಲ್ಲಿ ನೀರು ಮತ್ತು ಕೊಬ್ಬಿನ ಕಂಪನಾಂಕಗಳ ನಡುವೆ ಸುಮಾರು 220 ಹರ್ಟ್ಸ್ ಅಂತರ. ಯಂತ್ರ ಕೊಬ್ಬಿನದ್ದನ್ನಷ್ಟೇ ಹುಡುಕಿ ಅಳಿಸುತ್ತದೆ, ಆಗ ಕೊಬ್ಬು ಕಪ್ಪಾಗುತ್ತದೆ, ರಕ್ತ ಬಿಳಿಯಾಗಿಯೇ ಉಳಿಯುತ್ತದೆ.

ಆ ಚಿತ್ರದಲ್ಲೂ ಗಡ್ಡೆ ಬಿಳಿಯಾಗಿಯೇ ಇತ್ತು. ಅವಸರಕ್ಕೆ ರಕ್ತ ಎಂದು ಬರೆದುಬಿಡಬಹುದಿತ್ತು. ಆದರೆ ಮೊದಲು ನೋಡಬೇಕಾದದ್ದು ಚರ್ಮದಡಿಯ ಕೊಬ್ಬನ್ನು. ಬಲಗಡೆ ಅದೂ ಕಪ್ಪಾಗಿರಲಿಲ್ಲ, ಪಕ್ಕದಲ್ಲೊಂದು ಕಪ್ಪು ಗುಳಿ ಬೇರೆ. ಲೋಹ ಕಾಂತಕ್ಷೇತ್ರವನ್ನು ಕದಡಿದರೆ ಕಂಪನಾಂಕವೇ ಸರಿದುಹೋಗುತ್ತದೆ, ಕೊಬ್ಬು ಅಳಿಯದೆ ಉಳಿಯುತ್ತದೆ. ಕೊಬ್ಬನ್ನು ಅಳಿಸುವ ಇನ್ನೊಂದು ವಿಧಾನವಾದ ಸ್ಟಿರ್ ಮಾಡಿದರಾಗದೇ ಎಂಬ ಮಾತೂ ಬಂತು. ಲೋಹವಿದ್ದರೂ ಅದು ತಕ್ಕಮಟ್ಟಿಗೆ ನಡೆಯುತ್ತದೆ ನಿಜ, ಆದರೆ ಕೊಬ್ಬಿನಷ್ಟೇ ಟಿ1 ಅವಧಿಯ (ಸಂಕೇತ ಮೊದಲಿನ ಸ್ಥಿತಿಗೆ ಮರಳುವ ಕಾಲದ) ರಕ್ತವನ್ನೂ ಅಳಿಸಿಬಿಡುತ್ತದೆ. ಇಲ್ಲಿನ ಪ್ರಶ್ನೆಗೆ ಅದು ಬೇಡ.

ಟೇಬಲ್ ಹೊರಗೆಳೆದು, "ಅಕ್ಕ, ಸೊಂಟದಲ್ಲಿ ಏನಾದರೂ ಉಂಟಾ?" ಎಂದು ಕೇಳಿದರೆ, "ನೂಲು ಉಂಟು. ಪಿನ್ನು ಹಾಕಿದ್ದೇನೆ, ಸಣ್ಣದು" ಅಂದರು. ಬಾಗಿಲಲ್ಲಿ ಲೋಹ ಇದೆಯೇ ಎಂದು ಕೇಳಿದ್ದಾಗ ಇಲ್ಲ ಅಂದಿದ್ದರು. ಕರಿಮಣಿ, ಕಾಲುಂಗುರ ತೆಗೆದಿಟ್ಟಿದ್ದರು, ಅವರ ಲೆಕ್ಕದಲ್ಲಿ ಲೋಹವೆಂದರೆ ಒಡವೆ. ಅಂಥ ಪಿನ್ನು ಕಾಂತಕ್ಕೆ ಸಿಕ್ಕಿ ಹಾರಿದರೆ ಕಣ್ಣಿಗೇ ಅಪಾಯ. ನೂಲು, ಪಿನ್ನು, ತಾಯಿತ ಎಂದು ಒಂದೊಂದನ್ನೂ ಹೆಸರು ಹೇಳಿಯೇ ಕೇಳಬೇಕಿತ್ತು. ಅದು ಬಾಗಿಲಲ್ಲಿ ನಡೆದ ತಪ್ಪು, ಅವರದ್ದಲ್ಲ.

ಪಿನ್ನು ತೆಗೆದು ಮತ್ತೆ ಮಾಡಿದಾಗ ಚರ್ಮದಡಿಯ ಕೊಬ್ಬಿನ ಜೊತೆ ಗಡ್ಡೆಯೂ ಕಪ್ಪಾಯಿತು. ಡರ್ಮಾಯ್ಡ್. ಅಂಗಾಂಶದೊಳಗೆ ನೀರಿನ ಕಣಗಳ ಚಲನೆ ತೋರಿಸುವ ಡಿಫ್ಯೂಷನ್ ಚಿತ್ರದಲ್ಲಿ ಒಂದು ಭಾಗ ಹೊಳೆಯುತ್ತಿತ್ತು. ಡರ್ಮಾಯ್ಡ್‌ನಲ್ಲಿ ಕೆರಾಟಿನ್ (ಚರ್ಮ, ಕೂದಲಿನಲ್ಲಿರುವ ವಸ್ತು) ಇದ್ದರೆ ಹಾಗಾಗುತ್ತದೆ, ಅದೊಂದನ್ನೇ ಹಿಡಿದು ಕ್ಯಾನ್ಸರ್ ಎನ್ನುವಂತಿಲ್ಲ. ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಸರಿಯಿದ್ದುದರಿಂದ ಕೆ.ಜಿ.ಗೆ 0.1 ಮಿಲಿಮೋಲ್ ಗ್ಯಾಡೋಲಿನಿಯಂ (ರಕ್ತ ಹರಿಯುವ ಭಾಗವನ್ನು ಎದ್ದು ಕಾಣಿಸುವ ಮದ್ದು) ಕೊಟ್ಟು ಗಡ್ಡೆಯ ಗೋಡೆಯನ್ನು ಸುತ್ತಲೂ ನೋಡಿದ್ದಾಯಿತು. ಕ್ಯಾನ್ಸರಿನ ಅನುಮಾನ ಹುಟ್ಟಿಸುವಂಥ, ಆ ಮದ್ದು ಹೀರುವ ಗಟ್ಟಿ ಭಾಗ ಎಲ್ಲೂ ಇರಲಿಲ್ಲ. ಈ ಗಾತ್ರದ ಗಡ್ಡೆ ತಿರುಚಿಕೊಳ್ಳಬಹುದು ಎಂಬುದನ್ನೂ ಸೇರಿಸಿ, ಆ ಸಂಜೆಯೇ ರಿಪೋರ್ಟು ಸ್ತ್ರೀರೋಗ ವೈದ್ಯರಿಗೆ ಹೋಯಿತು.