ಉಪ್ಪಿಲು ಅಂದ್ರೆ ಆಯ್ತಲ್ಲ, ಮೇಷ್ಟ್ರೆ

ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹತ್ತುವ ಬಸ್ಸಿನಲ್ಲಿ ಅವತ್ತು ನನ್ನ ತೊಡೆಯ ಮೇಲೊಂದು ನೀಲಿ ಫೈಲಿತ್ತು. ಅದರೊಳಗೆ 22 ಪುಟ, ನಾನೇ ಕೈಯಾರೆ ಬರೆದ ಕನ್ನಡ. ತಿರುವಿನಲ್ಲಿ ಬಸ್ಸು ವಾಲಿದಾಗಲೆಲ್ಲ ಎರಡೂ ಕೈಯಲ್ಲಿ ಅದನ್ನು ಒತ್ತಿ ಹಿಡಿಯುತ್ತಿದ್ದೆ. ಮೂರು ವಾರ ರಾತ್ರಿ ಕೂತು ಮಾಡಿದ ಕೆಲಸ.

ನೆಲ್ಲಿಮರಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಹುಡುಗಿಯೊಬ್ಬಳು ಒಮ್ಮೆ ನಮ್ಮ ಶಾಲೆಗೆ ಬಂದು ಮಕ್ಕಳಿಗೆ ಕಾಡಿನ ಪಾಠ ಮಾಡಿ ಹೋಗಿದ್ದಳು. ಹೊರಡುವಾಗ ನನ್ನ ಹತ್ತಿರ ಬಂದು ಕೇಳಿದಳು: "ಸರ್, ನಮ್ಮ ವರದಿ ಇಂಗ್ಲಿಷಿನಲ್ಲಿದೆ. ಯಾರ ಜೊತೆ ಕಾಡು ತಿರುಗಿ ಅದನ್ನು ಬರೆದೆವೋ ಅವರಿಗೇ ಅದು ಓದಕ್ಕೆ ಬರಲ್ಲ. ಕನ್ನಡಕ್ಕೆ ಮಾಡಿಕೊಡ್ತೀರಾ?" ಇಪ್ಪತ್ತು ವರ್ಷ ಕನ್ನಡ ಪಾಠ ಮಾಡಿದವನು ನಾನು, ಆ ಮಾತು ಕೇಳಿ ಮನಸ್ಸು ತುಂಬಿ ಬಂತು. ಆಗಲಿ ತಾಯಿ, ಅಂದೆ.

ನಿಘಂಟುಗಳನ್ನು ಹರಡಿಕೊಂಡು ಕೂತೆ. 'ಅರೆಪರಾವಲಂಬಿ ಸಸ್ಯ', 'ಆತಿಥೇಯ ವೃಕ್ಷ', 'ಪುನರುತ್ಪಾದನಾ ಪ್ರಮಾಣ', 'ಅಗ್ನಿ ನಿರ್ಬಂಧದ ಪರಿಣಾಮ' ಅಂತೆಲ್ಲ ಬರೆದೆ. ಒಂದು ಪದವನ್ನೂ ಬಿಡಲಿಲ್ಲ.

ಪೋಡು ತಲುಪಿದಾಗ ಹತ್ತು ಗಂಟೆ ದಾಟಿತ್ತು. ಪೋಡು ಅಂದರೆ ಈ ಬೆಟ್ಟದ ಆದಿವಾಸಿಗಳಾದ ಸೋಲಿಗರ ಊರು. ಒಂದು ಮನೆಯ ಮುಂದಿನ ಅಂಗಳದಲ್ಲಿ ಚಾಪೆ ಹಾಸಿದ್ದರು. ಮೂವತ್ತು ಮಂದಿ ಇದ್ದರೇನೋ, ಹೆಂಗಸರೇ ಹೆಚ್ಚು. ನೆಲ್ಲಿಕಾಯಿ ಬಿಡಿಸುವವರು, ಜೇನು ಇಳಿಸುವವರು, ಪಾಚಿ ಆಯುವವರು. ಮರ ಅಳೆಯುವ ಟೇಪು ಹಿಡಿದು ಸಂಶೋಧಕರ ಜೊತೆ ಕೆಲಸ ಮಾಡಿದ ಹುಡುಗರೂ ಇದ್ದರು. ನಾನು ನಿಂತು ಓದತೊಡಗಿದೆ. ಅರ್ಧ ಗಂಟೆ ಓದಿದೆ. ಯಾರೂ ಎದ್ದು ಹೋಗಲಿಲ್ಲ, ಮಾತೂ ಆಡಲಿಲ್ಲ. ಮಗುವೊಂದು ಅತ್ತರೆ ತಾಯಿ ಅದರ ಬಾಯಿಗೆ ಸೆರಗು ಒತ್ತಿದಳು. ಅಷ್ಟು ಮರ್ಯಾದೆಯಿಂದ ಕೂತಿದ್ದರು.

ಮುಗಿದ ಮೇಲೆ ಮುಂದೆ ಕೂತಿದ್ದ ಅಜ್ಜಿ ಕೇಳಿದರು, "ಮೇಷ್ಟ್ರೆ, ನೀವು ಓದಿದ್ದು ಯಾವ ಕಾಡಿನ ಕತೆ?"

ಇದೇ ಕಾಡಿನದು ಅಜ್ಜಿ, ಅಂದೆ. ಅವರು ನನ್ನ ಮುಖವನ್ನೇ ನೋಡಿದರು. ಅದರಲ್ಲಿ ಆಕ್ಷೇಪಣೆ ಇರಲಿಲ್ಲ. ನಿಜವಾಗಿ ತಿಳಿಯದೆ ಕೇಳಿದ್ದರು. ಆ ಹುಡುಗಿ ಲ್ಯಾಪ್‌ಟಾಪ್ ತೆರೆದು ಒಂದು ಫೋಟೋ ತೋರಿಸಿದಳು. ನೆಲ್ಲಿಮರದ ಕೊಂಬೆಯ ಮೇಲೆ ಪೊದೆಯಂತೆ ಕೂತ ಬೇರೆ ಗಿಡ. ಅಂಗಳದಲ್ಲಿ ಒಮ್ಮೆಗೇ ಗುಜುಗುಜು ಎದ್ದಿತು. "ಓ, ಉಪ್ಪಿಲು! ಉಪ್ಪಿಲು ಅಂದ್ರೆ ಆಯ್ತಲ್ಲ ಮೇಷ್ಟ್ರೆ" ಅಂದರು ಅಜ್ಜಿ.

ನಮ್ಮ ಕಡೆ ನಾವು ಬದನಿಕೆ ಅನ್ನುತ್ತೇವೆ. ಆ ಪದ ನನಗೆ ಗೊತ್ತಿತ್ತು. ಗೊತ್ತಿದ್ದೂ 'ಅರೆಪರಾವಲಂಬಿ' ಎಂದು ಬರೆದಿದ್ದೆ.

ಅಲ್ಲೇ ಒಬ್ಬ ಅಜ್ಜ ಎದ್ದರು. "ಬನ್ನಿ, ಮರದ ತಾವೇ ಹೋಗವ" ಅಂತ ಕೋಲು ತೆಗೆದುಕೊಂಡು ನಡೆದೇ ಬಿಟ್ಟರು. ಹತ್ತು ಹನ್ನೆರಡು ಜನ ಅವರ ಹಿಂದೆ ಹೋದೆವು. ಪೋಡಿನ ಮೇಲಿನ ಇಳಿಜಾರಿನಲ್ಲಿ ನೆಲ್ಲಿಮರಗಳಿವೆ. ಒಂದು ಮರದ ತಗ್ಗಿದ ಕೊಂಬೆಯನ್ನು ಅಜ್ಜ ಕೋಲಿನಿಂದ ಎಳೆದು ನನ್ನ ಕಣ್ಣ ಮುಂದೆ ಹಿಡಿದರು.

ನೆಲ್ಲಿಯ ಎಲೆ ನವಿರು, ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ಕೂತಿರುತ್ತದೆ. ಅದರ ನಡುವೆ ಉಪ್ಪಿಲಿನ ಎಲೆ ದಪ್ಪ, ಅಗಲ, ಮುಟ್ಟಿದರೆ ತೊಗಲು ಮುಟ್ಟಿದ ಹಾಗೆ. ಎಳೆಯ ಚಿಗುರಿಗೆ ಕಂದು ಬಣ್ಣದ ನುಣುಪು ರೋಮ. ಅದು ಕೊಂಬೆಗೆ ಸೇರುವ ಜಾಗದಲ್ಲಿ ಗಂಟು ಕಟ್ಟಿತ್ತು, ಮುರಿದ ಮೂಳೆ ಕೂಡಿಕೊಂಡ ಹಾಗೆ. ಅಜ್ಜ ಕತ್ತಿಯಿಂದ ಆ ಗಂಟನ್ನು ಸೀಳಿ ತೋರಿಸಿದರು. ಯಾವುದು ನೆಲ್ಲಿಯ ಮರ, ಎಲ್ಲಿಂದ ಉಪ್ಪಿಲು ಶುರು ಅಂತ ಹೇಳಲು ಆಗದಂತೆ ಒಂದರೊಳಗೊಂದು ಬೆಸೆದುಕೊಂಡಿತ್ತು. ಗಂಟಿನ ಈಚೆಗೆ ಕೊಂಬೆ ಹಸಿರಾಗಿದೆ. ಆಚೆಗೆ, ತುದಿಯ ಕಡೆ, ಒಣಗಿ ಕಡ್ಡಿಯಾಗಿದೆ. "ನೀರೆಲ್ಲ ಇದೇ ಕುಡಿತದೆ. ಕಾಯಿ ಎಲ್ಲಿಂದ ಬಂದದು?" ಅಂದರು.

ಹುಡುಗಿ ಪಕ್ಕದಲ್ಲೇ ನಿಂತು ವಿವರಿಸಿದಳು. ಉಪ್ಪಿಲಿನ ಎಲೆ ಹಸಿರಾದ್ದರಿಂದ ಅದು ತನ್ನ ಅನ್ನವನ್ನು ತಾನೇ ಮಾಡಿಕೊಳ್ಳುತ್ತದೆ. ನೀರು, ಲವಣ ಮಾತ್ರ ಮರದ್ದು. 'ಅರೆ' ಅನ್ನುವುದು ಅದಕ್ಕೇ. ಈ ಬೆಟ್ಟದಲ್ಲಿ ಎರಡು ಜಾತಿಯ ನೆಲ್ಲಿ ಇದೆ, ಫಿಲಾಂಥಸ್ ಎಂಬ್ಲಿಕ, ಫಿಲಾಂಥಸ್ ಇಂಡೋಫಿಷೆರಿ. ಎರಡನೆಯದರ ಕಾಯಿ ದಪ್ಪ. ಎರಡಕ್ಕೂ ಟ್ಯಾಕ್ಸಿಲಸ್ ಟೊಮೆಂಟೋಸಸ್ ಎಂಬ ಈ ಉಪ್ಪಿಲಿನ ಕಾಟ. ಜಾಸ್ತಿ ಹತ್ತಿದ ಮರ ಕಾಯಿ ಕಡಿಮೆ ಬಿಡುತ್ತದೆ, ಕೊನೆಗೆ ಸಾಯುತ್ತದೆ.

ಅಷ್ಟರಲ್ಲಿ ಒಬ್ಬ ಹುಡುಗ ಉಪ್ಪಿಲಿನ ಹಣ್ಣೊಂದನ್ನು ಹಿಸುಕಿ ನನ್ನ ಬೆರಳಿಗೆ ಹಚ್ಚಿದ. ಬೀಜ ಅಂಟಿಕೊಂಡಿತು. ಕೊಡವಿದರೂ ಬೀಳಲಿಲ್ಲ. ಒರೆಸಿದರೆ ನೂಲಿನಂತೆ ಎಳೆ ಬಂತು. ಬೊಗಸೆಯ ಮೂಲೆಯಲ್ಲಿ ಕೂರುವಷ್ಟು ಚಿಕ್ಕ ಹಕ್ಕಿಯೊಂದಿದೆ, ಅದು ಈ ಹಣ್ಣು ತಿನ್ನುತ್ತದೆ, ಹಿಕ್ಕೆಯ ಜೊತೆ ಬಂದ ಅಂಟುಬೀಜ ಬಿಡಿಸಿಕೊಳ್ಳಲು ಹಿಂಭಾಗವನ್ನು ಕೊಂಬೆಗೆ ಉಜ್ಜುತ್ತದೆ. ಬೀಜಕ್ಕೆ ಬೇಕಾದದ್ದೂ ಅದೇ. ಕನ್ನಡದಲ್ಲಿ ಆ ಹಕ್ಕಿಗೆ ಬದನಿಕೆ ಹಕ್ಕಿ ಎಂದೇ ಹೆಸರು. ಆ ಹೆಸರಿಟ್ಟವರು ಯಾರೋ, ಇದನ್ನೆಲ್ಲ ಕೂತು ನೋಡಿದವರೇ ಇರಬೇಕು.

ಅಜ್ಜ ಆಮೇಲೆ ಬೆಂಕಿಯ ಮಾತಿಗೆ ಬಂದರು. ಅವರ ಕಾಲದಲ್ಲಿ ಬೇಸಿಗೆ ಬಲಿಯುವ ಮೊದಲೇ, ತರಗೆಲೆ ತೆಳ್ಳಗೆ ಬಿದ್ದಿರುವಾಗ ಬೆಂಕಿ ಹಾಕುತ್ತಿದ್ದರಂತೆ. ತರಗು ಬೆಂಕಿ ಅಂತ ಅದರ ಹೆಸರು. ಮೊಣಕಾಲೆತ್ತರಕ್ಕಿಂತ ಮೇಲೆ ಏಳದ ಬೆಂಕಿ. ಹುಲ್ಲು ಚಿಗುರುತ್ತಿತ್ತು, ಕಡವೆ ಜಿಂಕೆ ಬರುತ್ತಿದ್ದವು, ಮರದ ಮೇಲಿನ ಎಳೆ ಉಪ್ಪಿಲು ಆ ಕಾವಿಗೆ ಬಾಡುತ್ತಿತ್ತು. 1974ರಲ್ಲಿ ಇದು ವನ್ಯಜೀವಿಧಾಮವಾಯಿತು. ಬೇಸಾಯಕ್ಕೆ ಕಾಡು ಸುಡುವುದು, ತರಗು ಬೆಂಕಿ ಎಲ್ಲ ನಿಂತವು. "ಬೆಂಕಿ ನಿಂತ್ಮೇಲೆ ಉಪ್ಪಿಲು ಬಂತು, ಲಂಟಾನ ಬಂತು" ಅಂದರು ಅಜ್ಜ. ಅವರ ಕೋಲು ತೋರಿಸಿದ ಕಡೆಗೆಲ್ಲ ಲಂಟಾನದ ಕಳೆಪೊದೆಯೇ, ಆಳೆತ್ತರ, ನುಗ್ಗಲು ದಾರಿಯಿಲ್ಲ. ಈಗ ಬೆಂಕಿ ಬಿದ್ದರೆ ಆ ಲಂಟಾನವನ್ನು ಏರಿ ಮರದ ನೆತ್ತಿಗೇ ಹೋಗುತ್ತದೆ.

ನಾನು ಅನುವಾದಿಸಿದ ಪುಟಗಳಲ್ಲಿ ಇದೇ ವಿಷಯ ಇತ್ತು. ಈ ಬೆಟ್ಟದಲ್ಲಿ 1997ರಲ್ಲಿ ಗುರುತು ಹಾಕಿ ಅಳೆದ ಜಾಗಗಳನ್ನೇ 2008ರಲ್ಲಿ ಮತ್ತೆ ಹೋಗಿ ಅಳೆದಾಗ ಲಂಟಾನ ಕಂಡ ಜಾಗಗಳು ಸುಮಾರು ಎರಡು ಪಟ್ಟಾಗಿದ್ದವು. ಬೆಂಕಿಯ ಬಗ್ಗೆ, ಉಪ್ಪಿಲಿನ ಬಗ್ಗೆ ಸೋಲಿಗರು ಹೇಳುವ ಮಾತನ್ನು ಹಾಗೇ ತಳ್ಳಿಹಾಕದೆ, ಪರೀಕ್ಷಿಸಿ ನೋಡಬೇಕಾದ ತಿಳಿವಳಿಕೆ ಎಂದು ವಿಜ್ಞಾನಿಗಳು 2010ರ ಹೊತ್ತಿಗೆ ಲೇಖನ ಪ್ರಕಟಿಸಿದ್ದರು. ಅಜ್ಜನ ಮಾತು ಹೀಗೆ ಕಡಲಾಚೆಯ ಪತ್ರಿಕೆಯವರೆಗೂ ಹೋಗಿತ್ತು. ಆದರೆ ತಮ್ಮ ಮಾತನ್ನು ಹಾಗೆ ಯಾರೋ ಬರೆದಿದ್ದಾರೆ ಎಂಬುದು ಈ ಅಂಗಳಕ್ಕೆ ತಲುಪಿರಲಿಲ್ಲ.

ಬೆಟ್ಟದಲ್ಲಿ ಸಂಶೋಧನೆ ಹೊಸದಲ್ಲ. ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಅದರ ಬೆನ್ನಿಗೆ ಕಾಡಿನ ಕಿರು ಉತ್ಪನ್ನಗಳ ಅಧ್ಯಯನವೂ ಬಂತು. ಕಮಲಜಿತ್ ಬಾವಾ ಅವರು 1996ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆ ಇಲ್ಲಿ ದಶಕಗಳಿಂದ ಕೆಲಸ ಮಾಡಿದೆ. ಕೊಯ್ಲಿಗೆ ಮುಂಚೆ ಮರದಲ್ಲಿ ಕಾಯಿ ಎಷ್ಟಿದೆ ಎಂದು ಅಂದಾಜು ಮಾಡುವುದು, ಎಷ್ಟು ಬಿಡಿಸಿದರು, ಕೆಳಗೆ ಸಸಿ ಎಷ್ಟು ಎದ್ದಿವೆ ಎಂದು ಲೆಕ್ಕ ಇಡುವುದು, ಇವನ್ನೆಲ್ಲ ಸೋಲಿಗರೇ ಸಂಶೋಧಕರ ಜೊತೆ ಕೂತು ಮಾಡಿದ್ದಾರೆ. ಹೀಗೆ ಒಂದೇ ಜಾಗದಲ್ಲಿ ಬೇರು ಬಿಟ್ಟು, ವರ್ಷ ವರ್ಷವೂ ಅದೇ ಮರದ ಸುತ್ತ ಟೇಪು ಸುತ್ತುವ ಸಂಸ್ಥೆಗಳ ಮೇಲೆ ನನಗೆ ಬಹಳ ಗೌರವ. ಕಾಡು ಬದಲಾಗುವುದು ಒಂದು ಪ್ರಾಜೆಕ್ಟಿನ ಮೂರು ವರ್ಷದಲ್ಲಿ ಕಾಣುವಂಥದ್ದಲ್ಲ.

ಆದರೆ ಎಲ್ಲರೂ ಹಾಗಿಲ್ಲ. ಮರದಡಿ ಕೂತು ಸುಧಾರಿಸಿಕೊಳ್ಳುವಾಗ ಅಜ್ಜಿ ಒಂದು ಹಳೆಯ ಸಂಗತಿ ಹೇಳಿದರು. ಎಲ್ಲಿಂದಲೋ ಒಂದು ತಂಡ ಬಂದಿತ್ತಂತೆ. ಯಾವ ಸೊಪ್ಪು ಯಾವ ಕಾಯಿಲೆಗೆ ಎಂದು ಎರಡು ದಿನ ಕೇಳಿ ಬರೆದುಕೊಂಡರು. ಬೇರು ಎಲೆ ಎಲ್ಲ ಪೇಪರಿನಲ್ಲಿ ಸುತ್ತಿಕೊಂಡರು, ಅಜ್ಜಿಯ ಫೋಟೋ ಹಿಡಿದರು. "ಮತ್ತೆ ಬತ್ತೀವಿ ಅಂದ್ರು. ಬರ್ನಿಲ್ಲ" ಅಂದರು ಅಜ್ಜಿ, ಅಷ್ಟೇ. ಕೋಪ ಇರಲಿಲ್ಲ. ನನಗೇ ಹೊಟ್ಟೆಯಲ್ಲಿ ಉರಿ ಎದ್ದಿತು. ಒಬ್ಬರ ಮನೆಯ ಒರಳಲ್ಲಿ ರುಬ್ಬಿಕೊಂಡು ಹೋದವರು ಒರಳು ತೊಳೆದು ಹೋಗಬೇಡವೇ? ಉಪಕರಣಕ್ಕೆ, ಜೀಪಿಗೆ, ಸಂಬಳಕ್ಕೆ ಹಣ ಇಟ್ಟ ಹಾಗೆ, ತಿಳಿದದ್ದನ್ನು ಆ ಊರಿನ ಮಾತಿನಲ್ಲಿ ತಂದು ಹೇಳುವುದಕ್ಕೂ ಪ್ರತಿ ಸಂಸ್ಥೆಯೂ ಹಣ, ದಿನ ಎರಡನ್ನೂ ಎತ್ತಿಡಬೇಕು. ಮನಸ್ಸಿದ್ದವರು ಯಾರೋ ಒಬ್ಬರು ರಜೆಯಲ್ಲಿ ಮಾಡುವ ಕೆಲಸವಲ್ಲ ಅದು.

ಮಧ್ಯಾಹ್ನ ರಾಗಿಮುದ್ದೆ, ಕಾಡುಸೊಪ್ಪಿನ ಸಾರು. ಉಂಡ ಮೇಲೆ ಜಗುಲಿಯಲ್ಲಿ ಕೂತು ಫೈಲನ್ನು ಮತ್ತೆ ಬಿಚ್ಚಿದೆವು. ಈ ಸಲ ನಾನು ಓದುವುದಲ್ಲ, ಕೇಳುವುದು. 'ಆತಿಥೇಯ ವೃಕ್ಷ' ಹೊಡೆದುಹಾಕಿ 'ಉಪ್ಪಿಲು ಹತ್ತಿದ ಮರ' ಎಂದು ಬರೆದೆ. 'ಪುನರುತ್ಪಾದನಾ ಪ್ರಮಾಣ' ಹೋಗಿ 'ಮರದ ಕೆಳಗೆ ಎದ್ದ ಸಸಿಗಳ ಲೆಕ್ಕ' ಆಯಿತು. 'ಸರಾಸರಿ' ಎಂಬಲ್ಲಿ ಸಿಕ್ಕಿಕೊಂಡೆವು. ಶಾಲೆಗೆ ಹೋದ ಹುಡುಗರಿಗೆ ಗೊತ್ತು, ಹಿರಿಯರಿಗೆ ಇಲ್ಲ. ಹುಡುಗಿ ಯೋಚಿಸಿ, "ಹತ್ತು ಮರದ ಕಾಯಿ ಒಂದೇ ಗುಡ್ಡೆ ಹಾಕಿ, ಹತ್ತು ಸಮಪಾಲು ಮಾಡಿದರೆ ಒಂದು ಪಾಲು" ಅಂದಳು. ಎಲ್ಲರೂ ತಲೆದೂಗಿದರು. ಪಾಲು ಗೊತ್ತಿಲ್ಲದವರು ಅಲ್ಲಿ ಯಾರಿದ್ದಾರೆ!

'14ನೇ ಪ್ಲಾಟ್' ಎಂದು ಬರೆದ ಜಾಗದ ನಕ್ಷೆ ತೋರಿಸಿದಾಗ ಅಜ್ಜ ಬೆರಳಿಟ್ಟು ತಡೆದರು. "ಇದು ನಮ್ಮ ಹಿರಿಯರ ಕಲ್ಲುಗುಡಿ. ನಂಬರು ಹಾಕ್ಬಾರ್ದು."

ಸೋಲಿಗರಿಗೆ ಕಾಡು ಎಲ್ಲೆ ಎಲ್ಲೆಯಾಗಿ ಕುಲಗಳಿಗೆ ಸೇರಿದ್ದು. ಪ್ರತಿ ಎಲ್ಲೆಯಲ್ಲೂ ದೇವರು, ಮಾರಮ್ಮ, ವೀರು, ಅಬ್ಬಿ, ಕಲ್ಲುಗುಡಿ ಎಂಬ ಪೂಜೆಯ ತಾಣಗಳಿವೆ. ಹಿರಿಯರು ಮುಂದೆ ನಡೆದು, ಸಂಶೋಧಕರು ಜಿಪಿಎಸ್ ಹಿಡಿದು ಹಿಂದೆ ನಡೆದು, ಹೀಗೆ ಐನೂರಕ್ಕೆ ಹತ್ತಿರ ತಾಣಗಳ ನಕ್ಷೆ ಮಾಡಿದ್ದಾರೆ. 2002ರಲ್ಲಿ ವನ್ಯಜೀವಿ ಕಾಯ್ದೆ ತಿದ್ದುಪಡಿಯಾದ ಮೇಲೆ ಧಾಮದೊಳಗೆ ಮಾರಾಟಕ್ಕೆ ನೆಲ್ಲಿ, ಜೇನು ತೆಗೆಯುವುದಕ್ಕೆ ತಡೆ ಬಿದ್ದು ಮನೆ ಮನೆಯ ಆದಾಯ ನಿಂತಿತ್ತು. 2011ರಲ್ಲಿ ಇದು ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಇಲ್ಲಿನ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರವೂ ಸಿಕ್ಕಿತು. ಹುಲಿ ಮೀಸಲಿನೊಳಗೆ ಅಂಥ ಹಕ್ಕು ಪಡೆದವರಲ್ಲಿ ಸೋಲಿಗರೇ ಮೊದಲಿಗರು. ಇಷ್ಟೆಲ್ಲ ಆದ ನೆಲದಲ್ಲಿ ಒಂದು ಜಾಗವನ್ನು 14 ಎಂದು ಕರೆದರೆ ಅಜ್ಜನಿಗೆ ನೋವಾಗದೆ ಇರುತ್ತದೆಯೇ? ಹುಡುಗಿ ಆ ಜಾಗದ ಹೆಸರು ಕೇಳಿ, ಕಾಗುಣಿತ ನನ್ನಿಂದ ತಿದ್ದಿಸಿಕೊಂಡು, ಇಂಗ್ಲಿಷ್ ವರದಿಯಲ್ಲೂ ಬರೆದುಕೊಂಡಳು.

ಸಂಜೆ ಐದರ ಬಸ್ಸಿಗೆ ಹೊರಡಬೇಕಿತ್ತು. ಹೈಸ್ಕೂಲಿಗೆ ಹೋಗುವ ಮೊಮ್ಮಗಳನ್ನು ಅಜ್ಜಿ ಕರೆದು, ತಿದ್ದಿದ ಪುಟಗಳನ್ನು ಅವಳ ಕೈಗೆ ಕೊಟ್ಟು, "ಓದವ್ವ" ಅಂದರು. ಮೊಮ್ಮಗಳು ಕಂಬಕ್ಕೆ ಒರಗಿ ಗಟ್ಟಿಯಾಗಿ ಓದಿದಳು. ಅಜ್ಜಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಕಾಯಿ ತಿನ್ನುವ ಪ್ರಾಣಿಗಳ ಪಟ್ಟಿ ಬಂತು: ಜಿಂಕೆ, ಕಡವೆ, ಕಾಡುಕುರಿ. ಅಲ್ಲಿ ಅಜ್ಜಿ ಕಣ್ಣು ಬಿಟ್ಟರು.

"ಅವು ತಿಂದು ಬೀಜ ಉಗಿತವೆ ಅಂತ ಬರ್ದಿಲ್ವಾ ಮೇಷ್ಟ್ರೆ? ಅಲ್ಲೇ ಸಸಿ ಏಳದು."

ಇಂಗ್ಲಿಷ್ ವರದಿಯಲ್ಲಿ ಆ ಸಾಲು ಇತ್ತು. ಉದ್ದವಾಯಿತೆಂದು ನಾನೇ ಮೊಟಕು ಮಾಡಿದ್ದೆ. ಚಪ್ಪಲಿ ಮೆಟ್ಟಿದ್ದವನು ಮತ್ತೆ ಜಗುಲಿ ಹತ್ತಿ ಕೂತು, ಜೇಬಿನಿಂದ ಪೆನ್ನು ತೆಗೆದೆ.