ಐದು ರೂಪಾಯಿಯ ಪಟ್ಟಿ

ಭೀಮಾ ನದಿ ನನ್ನ ತಮ್ಮನ ಹೊಲಕ್ಕೆ ಹೊಕ್ಕ ರಾತ್ರಿ ನಾವು ಮೂವರು ಹೆಂಗಸರು ಕಲಬುರಗಿಯ ಮನೆಯಲ್ಲಿ ಕೂತು ರಗ್ಬಿ ಫೈನಲ್ ನೋಡಿದೆವು. ಓದುವವರಿಗೆ ಇದು ಸರಿ ಕಾಣಲಿಕ್ಕಿಲ್ಲ. ಆದರೆ ಹೊಳೆ ಬಂದಾಗ ಊರಿನಿಂದ ದೂರ ಇದ್ದವರು ಮಾಡುವುದಾದರೂ ಏನು? ಫೋನ್ ಹಚ್ಚುವುದು, ಹತ್ತದಿದ್ದರೆ ಮತ್ತೆ ಹಚ್ಚುವುದು. ನಡುವಿನ ಹೊತ್ತು ಕಳೆಯಬೇಕಲ್ಲ.

2025ರ ಸೆಪ್ಟೆಂಬರ್ 27, ಶನಿವಾರ. ಶಾಲೆಗೆ ದಸರಾ ರಜೆ ಇತ್ತು, ನಮಗಿರಲಿಲ್ಲ. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಪಿಟಿ ಟೀಚರ್. ಆ ವಾರ ಉಳಿದ ಟೀಚರುಗಳಂತೆ ನಾನೂ ಸಮೀಕ್ಷೆಗೆಂದು ಮನೆಮನೆ ತಿರುಗುತ್ತಿದ್ದೆ. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಮೊಬೈಲ್, ಸೀರೆ ಎತ್ತಿ ಹಿಡಿಯಲು ಮೂರನೆಯ ಕೈ ಇಲ್ಲ. ಸಂಜೆ ಮನೆ ಮುಟ್ಟಿದಾಗ ಅವ್ವ ಘಟದ ಮುಂದಿನ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು. ಮಳೆಯಿಂದಾಗಿ ದೇವಿ ಪುರಾಣಕ್ಕೂ ಹೋಗಿರಲಿಲ್ಲ.

ನಮ್ಮೂರು ಜೇವರ್ಗಿ ತಾಲ್ಲೂಕು, ಹೊಳೆದಂಡೆ. ಮಹಾರಾಷ್ಟ್ರದ ಮಳೆ, ಅಲ್ಲಿಯ ಉಜನಿ ಡ್ಯಾಮಿನಿಂದ ಬಿಟ್ಟ ನೀರು, ಸೊನ್ನ ಬ್ಯಾರೇಜಿನಿಂದ ಲಕ್ಷಗಟ್ಟಲೆ ಕ್ಯೂಸೆಕ್. ಮಾತಿಗೆ ಸಿಕ್ಕವರೆಲ್ಲ ಇದನ್ನೇ ಹೇಳುತ್ತಿದ್ದರು. ಕಟ್ಟಿಸಂಗಾವಿ ಸೇತುವೆ ಕಡೆ ಹೋಗಬೇಡಿ ಅಂತ ಮೂರು ಮಂದಿ ಫೋನ್ ಮಾಡಿದ್ದರು. ಏಳು ಗಂಟೆಗೆ ತಮ್ಮನ ಫೋನ್ ಬಂತು.

"ಅಕ್ಕ, ತೊಗರಿ ಪೂರಾ ಮುಣಗ್ಯದ. ದನ ಸಾಲಿ ಕಡಿ ಹೊಡ್ಕೊಂಡು ಬಂದೀವಿ. ಸಾಲಿ ಎತ್ತರದಾಗ ಅದ, ಅವ್ವಗ ಅಂಜಬ್ಯಾಡ ಅಂತ ಹೇಳು."

ತೊಗರಿ ಭತ್ತ ಅಲ್ಲ. ಬುಡದಲ್ಲಿ ನೀರು ನಿಂತರೆ ನಿಂತಲ್ಲೇ ಬಾಡುತ್ತದೆ, ಆಮೇಲೆ ಎಷ್ಟು ಬಿಸಿಲು ಬಿದ್ದರೂ ಏಳುವುದಿಲ್ಲ. ಕಲಬುರಗಿ ತೊಗರಿಗೆ ಈ ನೆಲದ್ದೇ ಬೆಳೆ ಅನ್ನುವ ಜಿಐ ಟ್ಯಾಗ್ ಇದೆ ಅಂತ ನಾವು ಎದೆಯುಬ್ಬಿಸಿ ಹೇಳುತ್ತೇವೆ. ಟ್ಯಾಗಿಗೆ ಈಜು ಬರುವುದಿಲ್ಲ.

ತಮ್ಮನ ಮಗಳು ನಮ್ಮ ಮನೆಯಲ್ಲೇ ಇದ್ದು ಪಿಯುಸಿ ಓದುತ್ತಾಳೆ. ಮೊದಲು ಕಬಡ್ಡಿ ಆಡುತ್ತಿದ್ದಳು, ಒಂದೂವರೆ ವರ್ಷದಿಂದ ರಗ್ಬಿ. ಅಕ್ಟೋಬರ್ ಕೊನೆಗೆ ಹೊರರಾಜ್ಯದಲ್ಲಿ ಒಂದು ಕ್ಯಾಂಪಿಗೆ ಕರೆದಿದ್ದರು. ರೈಲು, ಬೂಟು, ಹಲ್ಲಿಗೆ ಹಾಕಿಕೊಳ್ಳುವ ಗಾರ್ಡು, ಇರೋದು ಉಣ್ಣೋದು ಎಲ್ಲ ಸೇರಿ ಒಂಬತ್ತು ಸಾವಿರ. ಹೆಸರುಕಾಳು ಮಾರಿ ಕೊಡ್ತೀನಿ ಅಂದಿದ್ದ ಅವರಪ್ಪ. ಹೆಸರು ಆಗಸ್ಟಿನ ಮಳೆಗೆ ಹೋಯಿತು. ತೊಗರಿ ಮೇಲೆ ಯಾರ ಬಳಿಯಾದರೂ ಇಸ್ಕೊಂಡು ಕೊಡ್ತೀನಿ ಅಂದ. ಈಗ ತೊಗರಿ. ಎರಡು ದಿನದಿಂದ ಹುಡುಗಿ ಕ್ಯಾಂಪಿನ ಮಾತೇ ಎತ್ತಿರಲಿಲ್ಲ. ಆ ರಾತ್ರಿ ಎಂಟೂವರೆಗೆ ಮಹಿಳೆಯರ ವಿಶ್ವಕಪ್ ಫೈನಲ್ ಅಂತ ತಿಂಗಳಿಂದ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಳು. ಅದನ್ನೂ ಎತ್ತಲಿಲ್ಲ.

"ಹಚ್ಚವ್ವ ಅದೇನು ಅದ ನೋಡಮು," ಅಂದಳು ಅವ್ವ. "ಕತ್ತಲದಾಗ ಮಾರಿ ಮಾರಿ ನೋಡ್ಕೋತ ಕೂತ್ರ ಹೊಳಿ ಹಿಂದಕ್ಕ ಹೋಗ್ತದೇನು?"

ಕರೆಂಟ್ ಹೋಗಿತ್ತು. ಮೊಬೈಲನ್ನು ನೀರಿನ ಚರಿಗೆಗೆ ಆನಿಸಿ ನಿಲ್ಲಿಸಿದೆವು. ಲಂಡನ್ನಿನ ಟ್ವಿಕೆನ್‌ಹ್ಯಾಮ್ ಮೈದಾನ, 81,885 ಪ್ರೇಕ್ಷಕರು. ಹೆಂಗಸರ ರಗ್ಬಿ ಪಂದ್ಯ ನೋಡಲು ಅಷ್ಟು ಜನ ಹಿಂದೆಂದೂ ಸೇರಿರಲಿಲ್ಲ. ಜೇವರ್ಗಿ ಪಟ್ಟಣವನ್ನೇ ಕರೆದುಕೊಂಡು ಹೋಗಿ ಕೂಡಿಸಿದರೂ ಅರ್ಧ ಖಾಲಿ ಉಳಿದೀತು. ಅಷ್ಟೂ ಜನ ನಮ್ಮ ಅಂಗೈಯಗಲದ ಪರದೆಯೊಳಗೆ ಗಂಟಲು ಹರಿದುಕೊಳ್ಳುತ್ತಿದ್ದರು, ಅದನ್ನೂ ಮೀರಿ ನಮ್ಮ ತಗಡಿನ ಮೇಲೆ ಮಳೆ.

ಪಂದ್ಯ ಶುರುವಾಗಿ ಐದಾರು ನಿಮಿಷಕ್ಕೇ ಕೆನಡಾದ ಏಷ್ಯಾ ಹೋಗನ್-ರಾಚೆಸ್ಟರ್ ಅಂಚಿನಲ್ಲಿ ಓಡಿ ಚೆಂಡನ್ನು ಗೆರೆಯಾಚೆ ನೆಲಕ್ಕೆ ಒತ್ತಿಬಿಟ್ಟರು. ಅದಕ್ಕೆ ಟ್ರೈ ಅನ್ನುತ್ತಾರೆ, ಐದು ಅಂಕ. ಹುಡುಗಿ ಮೊದಲ ಸಲ ನಕ್ಕಳು. ಆ ನಗು ಮುಗಿಯುವುದರೊಳಗೆ ಇಂಗ್ಲೆಂಡಿನ ಎಲೀ ಕಿಲ್ಡನ್ ಮೈದಾನದ ನಡುವಿನಿಂದ ಚೆಂಡು ಹಿಡಿದು, ಅಡ್ಡ ಬಂದವರನ್ನೆಲ್ಲ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಪ್ಪಿಸಿ ಒಬ್ಬಳೇ ಗೆರೆ ಮುಟ್ಟಿದಳು. ನಾನು ಇಪ್ಪತ್ತು ವರ್ಷ ಮಕ್ಕಳಿಗೆ ಕಬಡ್ಡಿ ಕಲಿಸಿದವಳು, ಕಾಲು ಬದಲಿಸುವ ಆ ಓಟ ಕಂಡು ಕೂತಲ್ಲೇ ಮೊಣಕಾಲು ಎತ್ತಿದೆ.

ಅವ್ವನ ಕಾಮೆಂಟರಿ ಬೇರೆ. ಚೆಂಡು ಗೆರೆ ದಾಟಿ ಹೊರಗೆ ಹೋದಾಗ ಇಬ್ಬರು ಸೇರಿ ಒಬ್ಬಳನ್ನು ತೊಡೆ ಹಿಡಿದು ಮೇಲೆತ್ತಿದರು. "ಮೊಸರಗಡಗಿ ಒಡಿಲತ್ತಾರೇನು?" ಎಂಟೆಂಟು ಮಂದಿ ತಲೆ ತಗ್ಗಿಸಿ ಹೆಗಲಿಗೆ ಹೆಗಲು ಕೊಟ್ಟು ನೂಕಾಡಿದಾಗ, "ಹೋರಿ ಹಿಂಗೇ ಕಾದಾಡ್ತಾವ." ಎಲ್ಲಕ್ಕಿಂತ ಆಕೆಗೆ ಸಿಟ್ಟು ತರಿಸಿದ್ದು ಪಾಸು.

"ಮುಂದ ಓಡ್ತಾರ, ಹಿಂದ ಒಗಿತಾರ. ಇದ್ಯಾವ ಪೈಕಿ ಆಟ?"

"ಮುಂದ ಕೈಲೆ ಒಗದ್ರ ತಪ್ಪು ಆಯಿ. ಒದಿಬೇಕಂದ್ರ ಒದಿಬಹುದು."

"ಕೈಲೆ ಒಗದ್ರ ತಪ್ಪು, ಕಾಲಿಲೆ ಒದ್ರ ಸೈ. ಭಾಳ ಶ್ಯಾಣ್ಯಾ ಇದ್ದಾರ."

ನಮ್ಮ ಹುಡುಗಿ ಆಡುವುದು ಸೆವೆನ್ಸ್, ಏಳು ಜನರ ಆಟ, ಏಳೇಳು ನಿಮಿಷದ ಎರಡು ಭಾಗ. ಕಬಡ್ಡಿಯಲ್ಲೂ ಅಂಗಳದಲ್ಲಿ ಏಳೇ ಜನ, ಹಾಗಾಗಿ ಬದಲಾಗುವುದು ಸುಲಭ ಅಂದುಕೊಂಡಿದ್ದೆ. ಪಾದಕ್ಕೆ ಬಿದ್ದು ಹಿಡಿಯುವುದು, ಸೊಂಟಕ್ಕೆ ತಬ್ಬಿ ಕೆಡವುವುದು ಅವಳಿಗೆ ಬಂದೇ ಬಂತು. ಹೆಗಲಿಗಿಂತ ಮೇಲೆ ಹಿಡಿಯಬಾರದು ಅನ್ನುವುದೂ ಒಂದು ವಾರದಲ್ಲಿ ತಲೆಗೆ ಹತ್ತಿತು. ಕಷ್ಟವಾದದ್ದು ಬಿಡುವುದು. ಕಬಡ್ಡಿಯಲ್ಲಿ ಹಿಡಿದವರು ಜೀವ ಹೋದರೂ ಬಿಡಬಾರದು, ರೇಡರ್ ಗೆರೆಗೆ ಬೆರಳು ಚಾಚಿದರೂ ಮುಗಿಯಿತು. ರಗ್ಬಿಯಲ್ಲಿ ಕೆಡವಿದ ಕೂಡಲೇ ಬಿಡಬೇಕು. ಬಿದ್ದವಳೂ ಚೆಂಡು ಬಿಡಬೇಕು. ಮೊದಲ ಆರು ತಿಂಗಳು ನಮ್ಮ ಹುಡುಗಿ ಬಿಡದೆ ಹಿಡಿದೇ ಎಷ್ಟು ಪೆನಾಲ್ಟಿ ಕೊಡಿಸಿದಳೋ. ಅದೂ ನಮ್ಮ ಎರೆಮಣ್ಣಿನ ಮೈದಾನದಲ್ಲಿ. ಬೇಸಿಗೆಯಲ್ಲಿ ಬಿರುಕಿನೊಳಗೆ ಕಾಲು ಸಿಕ್ಕುತ್ತದೆ, ಮಳೆಗಾಲದಲ್ಲಿ ನೆಲವೇ ಆಟಗಾರರನ್ನು ಹಿಡಿದುಕೊಂಡು ಬಿಡುವುದಿಲ್ಲ, ಅದಕ್ಕೆ ಪೆನಾಲ್ಟಿ ಇಲ್ಲ.

ಅರ್ಧ ಆಟಕ್ಕೆ ಇಂಗ್ಲೆಂಡ್ 21, ಕೆನಡಾ 8. ಹುಡುಗಿ ಸಪ್ಪಗಾದಳು.

"ನೀ ಯಾಕ ಕೆನಡಾ ಕಡಿ?" ಕೇಳಿದೆ.

"ಅವ್ರು ಪಟ್ಟಿ ಎತ್ತಿ ಬಂದಾರ ಅತ್ತಿ."

ನಮ್ಮ ಕಡೆ ಗಣಪತಿಗೆ, ಜಾತ್ರೆಗೆ, ಗುಡಿಯ ಕಳಸಕ್ಕೆ ಮನೆಮನೆ ದುಡ್ಡು ಕೂಡಿಸುವುದಕ್ಕೆ ಪಟ್ಟಿ ಅನ್ನುತ್ತೇವೆ. ಹುಡುಗಿ ಬಳಸಿದ ಶಬ್ದ ಸರಿಯಾಗೇ ಇತ್ತು. ಲೋಕದಲ್ಲಿ ಎರಡನೇ ರ‍್ಯಾಂಕಿನ ತಂಡ, ಸೆಮಿಫೈನಲ್‌ನಲ್ಲಿ ನ್ಯೂಜಿಲೆಂಡನ್ನು 34-19ರಿಂದ ಹೊರಗೆ ಹಾಕಿ ಬಂದದ್ದು. ಆದರೆ ವಿಶ್ವಕಪ್ಪಿನ ತಯಾರಿಗೆ ದುಡ್ಡು ಕಮ್ಮಿ ಬಿದ್ದು, 10 ಲಕ್ಷ ಕೆನಡಾ ಡಾಲರ್ ಕೂಡಿಸಿಕೊಡಿ ಅಂತ ಅವರ ರಗ್ಬಿ ಸಂಸ್ಥೆ ಜನರ ಮುಂದೆ ಕೈಚಾಚಿತ್ತು. ನಮ್ಮ ಲೆಕ್ಕದಲ್ಲಿ ಆರು ಕೋಟಿ ರೂಪಾಯಿಗೂ ಮೇಲೆ. ಎದುರಿಗೆ ಇಂಗ್ಲೆಂಡ್, ಅಲ್ಲಿ 2019ರಿಂದಲೇ ಆಟಗಾರ್ತಿಯರಿಗೆ ಪೂರ್ಣಾವಧಿ ಸಂಬಳ.

ನನಗೂ ಗೊತ್ತಿದ್ದದ್ದನ್ನು ಸೇರಿಸಿದೆ. 1991ರಲ್ಲಿ ಹೆಂಗಸರ ಮೊದಲ ವಿಶ್ವಕಪ್ ವೇಲ್ಸ್‌ನಲ್ಲಿ ನಡೆದಾಗ ಅದನ್ನು ನಡೆಸಿದವರು ಲಂಡನ್ನಿನ ಒಂದು ಕ್ಲಬ್ಬಿನ ನಾಲ್ವರು ಆಟಗಾರ್ತಿಯರು, ತಮ್ಮ ನೌಕರಿಯ ನಡುವೆ. ಸೋವಿಯತ್ ದೇಶದ ತಂಡದವರ ಕೈಯಲ್ಲಿ ದುಡ್ಡಿರಲಿಲ್ಲ, ಮಾರಿ ಹೊಟ್ಟೆ ಹೊರೆಯೋಣ ಅಂತ ವೋಡ್ಕಾ, ಮೀನಿನ ತತ್ತಿ ಹೊತ್ತು ತಂದಿದ್ದರಂತೆ. ಆ ನಾಲ್ವರಲ್ಲಿ ಒಬ್ಬರಾದ ಡೆಬೊರಾ ಗ್ರಿಫಿನ್ 2025ರಲ್ಲಿ ಇಂಗ್ಲೆಂಡಿನ ರಗ್ಬಿ ಯೂನಿಯನ್ನಿಗೇ ಅಧ್ಯಕ್ಷೆಯಾಗಿದ್ದರು.

ಇಷ್ಟು ಹೊತ್ತೂ ಹರಟುತ್ತಿದ್ದ ಅವ್ವ ಸುಮ್ಮನಾಗಿದ್ದಳು. ದೀಪದ ಬತ್ತಿ ಮುಂದಕ್ಕೆ ನೂಕಿದಳು. ಆಮೇಲೆ ಯಾರನ್ನೂ ನೋಡದೆ ಶುರು ಮಾಡಿದಳು.

"ಗೌಡ್ರ ಮನಿ ಐವತ್ತು. ಕಿರಾಣಿ ಅಂಗಡಿ ಇಪ್ಪತ್ತೈದು. ಪಿಟಿ ಮಾಸ್ತರು ನೂರು. ಟೇಲರ್ ಹತ್ತು. ಹಿಟ್ಟಿನ ಗಿರಣಿ ಇಪ್ಪತ್ತು..."

ಮೂರನೆಯ ಹೆಸರಿಗೆ ನನಗೆ ಹೊಳೆಯಿತು. ಅದು ನನ್ನ ಪಟ್ಟಿ.

1999ರಲ್ಲಿ ನಾನು ಹತ್ತನೇ ಇಯತ್ತೆ. ಕಬಡ್ಡಿಯಲ್ಲಿ ರಾಜ್ಯ ಮಟ್ಟಕ್ಕೆ ಆಯ್ಕೆಯಾಗಿದ್ದೆ, ಬೆಂಗಳೂರಿಗೂ ಆಚೆ ಹೋಗಬೇಕಿತ್ತು. ಪಿಟಿ ಮಾಸ್ತರು ಊರಲ್ಲಿ ಪಟ್ಟಿ ಎತ್ತಿದರು, ಮುನ್ನೂರ ನಲವತ್ತು ರೂಪಾಯಿ ಆಯಿತು. ಸುದ್ದಿ ಅಪ್ಪನ ಕಿವಿಗೆ ಬಿತ್ತು. ಮಗಳ ಹೆಸರಿಗೆ ಊರಲ್ಲಿ ಪಟ್ಟಿಯೇ ಅಂತ ಅವನು ಎರಡು ದಿನ ಊಟ ಬಿಟ್ಟ. ದುಡ್ಡು ವಾಪಸ್ ಹೋಯಿತು, ನಾನು ಹೋಗಲಿಲ್ಲ. ಮಾಸ್ತರೇ ತಿರುಗಿ ಕೊಟ್ಟರು ಅಂತ ಇಪ್ಪತ್ತಾರು ವರ್ಷ ನಾನು ತಿಳಿದುಕೊಂಡಿದ್ದೆ.

"ಮಾಸ್ತರು ಒಲ್ಲೆ ಅಂದ್ರು. ನಾನೇ ಹೋದೆ. ಒಂದೊಂದು ಮನಿ," ಅಂದಳು ಅವ್ವ. ಅವಳಿಗೆ ಓದು ಬರಹ ಬಾರದು. ಯಾರದ್ದು ಎಷ್ಟು ಅನ್ನುವುದನ್ನು ಮಾಸ್ತರ ಬಾಯಿಂದ ಒಮ್ಮೆ ಕೇಳಿ ನೆನಪಿಟ್ಟುಕೊಂಡು ಹೊರಟಿದ್ದಳಂತೆ, ಸೆರಗಿನ ಗಂಟಿನಲ್ಲಿ ದುಡ್ಡು. "ಬಳಿಗಾರ ಆಯಿ ಒಬ್ಬಾಕಿ ತಗೊಳ್ಳಿಲ್ಲ. ಐದು ರೂಪಾಯಿ ಕೊಟ್ಟಿದ್ಳು. ಬಳಿ ತೊಡಿಸಿ ವಾಪಸ್ ಇಸ್ಕೊಳ್ಳೋ ಕೈ ಅಲ್ಲ ಇದು ಅಂದ್ಳು. ಅವು ನನ್ನ ಬಲ್ಲೇ ಉಳದಾವ."

ಕಬಡ್ಡಿ ಆಡುವಾಗ ಬಳೆ ತೆಗೆದಿಡಬೇಕು. ನನ್ನ ಬಳೆ ತೆಗೆಸಿ ತೆಗೆಸಿ ಒಡೆಯುತ್ತಿದ್ದವು, ಆ ಮುದುಕಿಗೆ ನಾನು ಒಳ್ಳೆ ಗಿರಾಕಿಯೇ. ಏನೋ ಒಂದು ಹೇಳಬೇಕೆಂದು ನನಗೆ ಅಷ್ಟೇ ಹೊಳೆಯಿತು, ಅದನ್ನೂ ಹೇಳಲಿಲ್ಲ. ಅಪ್ಪ ಹೋಗಿ ಒಂಬತ್ತು ವರ್ಷ. ಅವನ ಮೇಲೆ ಸಿಟ್ಟಾಗಲು ಅದು ಹೊತ್ತಲ್ಲ. ಅವ್ವನ ಮೇಲೆ ಆಗಿದ್ದ ಸಿಟ್ಟು ಎಲ್ಲಿಡಬೇಕೋ ತಿಳಿಯಲಿಲ್ಲ.

ಹುಡುಗಿ ಅದನ್ನೆಲ್ಲ ಕೇಳಿ, ನನಗೆ ಸಮಾಧಾನ ಮಾಡುವ ರೀತಿಯಲ್ಲಿ, ನಮ್ಮ ದೇಶದ ತಂಡದ ಕತೆ ತೆಗೆದಳು. ಹದಿನೈದು ಜನರ ಆಟದಲ್ಲಿ ಭಾರತದ ಹೆಂಗಸರು ಮೊದಲು ಕಣಕ್ಕಿಳಿದದ್ದು 2018ರಲ್ಲಿ. ಮರುವರ್ಷ ಜೂನ್‌ನಲ್ಲಿ ಮನಿಲಾದಲ್ಲಿ ಸಿಂಗಪುರವನ್ನು 21-19ರಿಂದ ಸೋಲಿಸಿದರು, ಅದು ಆ ಆಟದಲ್ಲಿ ಮೊದಲ ಗೆಲುವು. ಕೊನೆ ಗಳಿಗೆಯ ಪೆನಾಲ್ಟಿ ಒದ್ದು ಗೆಲ್ಲಿಸಿದ್ದು ಒಡಿಶಾದ ಸುಮಿತ್ರಾ ನಾಯಕ್, ಆದಿವಾಸಿ ಮಕ್ಕಳ ವಸತಿ ಶಾಲೆಯಲ್ಲಿ ಬೆಳೆದ ಹುಡುಗಿ. 2025ರ ಆಗಸ್ಟಿನಲ್ಲಿ ಬಿಹಾರದ ರಾಜಗೀರ್‌ನಲ್ಲಿ ನಡೆದ ಇಪ್ಪತ್ತು ವರ್ಷದೊಳಗಿನವರ ಏಷ್ಯಾ ಸೆವೆನ್ಸ್‌ನಲ್ಲಿ ನಮ್ಮ ಹುಡುಗಿಯರಿಗೆ ಕಂಚು. ವಿಶ್ವಕಪ್ಪಿನ 16 ತಂಡಗಳಲ್ಲಿ ನಾವಿಲ್ಲ. ಏಷ್ಯಾದಿಂದ ಜಪಾನ್ ಒಂದೇ.

"ಬಿಹಾರದೋರಿಗೆ ಸಿಕ್ಕದ, ಒಡಿಶಾದೋರಿಗೆ ಸಿಕ್ಕದ," ಅಂದಳು. ಮುಂದಿನದನ್ನು ಅಲ್ಲೇ ಬಿಟ್ಟಳು.

ಎರಡನೇ ಅರ್ಧ ನಮಗೆ ತುಂಡು ತುಂಡಾಗಿ ಸಿಕ್ಕಿತು. ನೆಟ್‌ವರ್ಕ್ ಹೋಗಿ ಬಂದಾಗೊಮ್ಮೆ ಇಂಗ್ಲೆಂಡಿನವರು ಎಲ್ಲರೂ ಒಟ್ಟಾಗಿ ನೂಕುತ್ತ ಗೆರೆಯ ಹತ್ತಿರ ಇರುತ್ತಿದ್ದರು. 33-13. ಸೋತವರು ನೆಲದ ಮೇಲೆ ಕೂತಿದ್ದರು. ಹಿಂದಿನ ಸಲ ಆಕ್ಲೆಂಡ್‌ನಲ್ಲಿ 34-31ರಿಂದ ಸೋತು ಹೀಗೇ ಕೂತವರು ಇದೇ ಇಂಗ್ಲೆಂಡಿನವರು ಅಂದಳು ಹುಡುಗಿ. ಅಷ್ಟರಲ್ಲಿ ತಮ್ಮನ ಫೋನ್. ನೀರು ಹನುಮಪ್ಪನ ಗುಡಿ ಮೆಟ್ಟಿಲಿಗೆ ಬಂದು ನಿಂತಿದೆ, ಏರುತ್ತಿಲ್ಲ. ಮಗಳಿಗೆ ಕೊಡು ಅಂದ. ಅವಳು ಹೂಂ ಅಪ್ಪ, ಹೂಂ ಅಪ್ಪ ಅಂತ ನಾಲ್ಕು ಸಲ ಅಂದಳು. ಅಪ್ಪ ಏನಂದ ಅಂತ ಕೇಳಿದರೆ, "ಏನಿಲ್ಲ. ದನ ಎಲ್ಲಾ ಛಲೋ ಅವ ಅಂದ."

ಬೆಳಿಗ್ಗೆ ಆರಕ್ಕೇ ನಮ್ಮ ಓಣಿಯ ಹೆಂಗಸರು ಬಾಗಿಲಿಗೆ ಬಂದರು. ಹೊಳೆದಂಡೆ ಊರುಗಳಿಗೆ ರೊಟ್ಟಿ ಕಳಿಸುವುದು, ಮನೆಗೆ ಇಪ್ಪತ್ತೈದು, ಶೇಂಗಾ ಹಿಂಡಿ ಕೂಡಿಸಿ. ದಾರಿ ತೆರೆದ ಕೂಡಲೇ ಟೆಂಪೊ ಹೊರಡುತ್ತದೆ. ಹುಡುಗಿಯ ಅಕ್ಷರ ಚೆಂದ, ನೋಟ್‌ಬುಕ್ ಅವಳ ಕೈಗೆ ಕೊಟ್ಟರು. ಅವ್ವ ನಮ್ಮದು ಐವತ್ತು ಬರಿ ಅಂದಳು. ಅಂದಮೇಲೆ ಬಡಿಯಬೇಕಲ್ಲ, ನಾನು ಹಿಟ್ಟು ನಾದಿದೆ, ಅವ್ವ ಬಡಿದಳು, ಹುಡುಗಿ ತವೆಯ ಮುಂದೆ. ಮೂವತ್ತನೆಯ ರೊಟ್ಟಿಯ ಹೊತ್ತಿಗೆ ಅವ್ವ ಕೈ ನಿಲ್ಲಿಸದೆ ಕೇಳಿದಳು.

"ನಿನ್ನ ಪಟ್ಟಿ ಯಾವಾಗ?"

"ಬ್ಯಾಡ ಆಯಿ. ಊರಾಗ ಮಂದಿ ಮನಿ ಮುಣಗ್ಯಾವ, ನಾ ಬೂಟಿಗಿ ರೊಕ್ಕ ಕೇಳ್ಕೋತ ತಿರುಗ್ಲೇನು?"

"ಈಗ ಯಾರು ಕೇಳು ಅಂದ್ರು. ಬನ್ನಿ ಮುಡದ ಮ್ಯಾಲ ಕೇಳಮು. ಹೆಸರು ಬರ್ಕೊಂಡಿಡು, ನಾ ಹೋಗ್ತೀನಿ ಮನಿಮನಿಗಿ. ನನಗ ದಾರಿ ಗೊತ್ತದ."

ಹುಡುಗಿ ನನ್ನ ಮುಖ ನೋಡಿದಳು. ನಾನು ಹಿಟ್ಟಿನ ಕಡೆ ನೋಡಿದೆ. ಅವಳು ಕೈ ಒರೆಸಿಕೊಂಡು ನೋಟ್‌ಬುಕ್ಕಿನ ಕೊನೆಯ ಹಾಳೆ ತಿರುವಿದಳು.

"ಮೊದಲ್ನೇ ಹೆಸ್ರು ಯಾರದು?"

ಅವ್ವ ಬಳಿಗಾರ ಆಯಿಯ ಹೆಸರು ಹೇಳಿದಳು. ಆಕೆ ತೀರಿಕೊಂಡು ಹನ್ನೆರಡು ವರ್ಷವಾಗಿರಬೇಕು.

"ಎಷ್ಟು?"

"ಐದು ರೂಪಾಯಿ."

ಹುಡುಗಿ ಬರೆಯುವಷ್ಟರಲ್ಲಿ ತವೆಯ ಮೇಲಿನ ರೊಟ್ಟಿ ಹೊತ್ತಿತ್ತು. ಅದನ್ನು ನಾನೇ ತಿಂದೆ.